ಯುರೋಪಿನಲ್ಲಿ ನಾನು ಕಂಡ ಬೆನ್ನು

ಬೇರೆಯವರು ಊರು ಸುತ್ತಿ ಬಂದರೆ ನೋಡಿದ್ದನ್ನು ಹೇಳುತ್ತಾರೆ. ನಾವು ಎಲ್ಲಿಗೆ ಹೋಗಿ ಬಂದರೂ ಹೇಳುವುದಕ್ಕೆ ಉಳಿಯುವುದು ಏನಾದರೊಂದು ಫಜೀತಿ. ಬೆಳ್ತಂಗಡಿಗೆ ಹೋದರೂ ಅಷ್ಟೆ, ಪ್ಯಾರಿಸ್ಸಿಗೆ ಹೋದರೂ ಅಷ್ಟೆ. ಇದಕ್ಕೆಲ್ಲ ಕಾರಣ ಇವರ ನಡಿಗೆ.

ಇವರೆಂದರೆ ನಮ್ಮ ಯಜಮಾನರು. ಬಂಟ್ವಾಳದಲ್ಲಿ ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರರು. ನಾನು ಮೂಡಬಿದ್ರೆಯವಳು, ಮದುವೆಯ ತನಕ ಅಲ್ಲಿಯೇ ಶಾಲೆಯಲ್ಲಿ ಟೀಚರಾಗಿದ್ದವಳು. ಐವತ್ತರ ದಶಕದ ಬಂಟ್ವಾಳ ಪೇಟೆಯಲ್ಲಿ ಮರ್ಯಾದಸ್ಥ ಗಂಡಸು ಹೆಂಡತಿಯ ಸಮಕ್ಕೆ ನಡೆಯುವ ಕ್ರಮ ಇರಲಿಲ್ಲ. ಕೊಡೆ ಹಿಡಿದ ಗಂಡ ಮುಂದೆ, ಸೆರಗು ಹಿಡಿದ ಹೆಂಡತಿ ಹಿಂದೆ, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಇವರು ಆ ಕ್ರಮವನ್ನು ಇನ್ನಷ್ಟು ಚೆನ್ನಾಗಿ ಪಾಲಿಸುವವರು. ಎರಡು ಗಾಡಿ ಹೋಗುವಷ್ಟು ಬಿಡುತ್ತಿದ್ದರು. ನಾನು ಚಿನ್ನ ಕೇಳಿದವಳಲ್ಲ, ರೇಷ್ಮೆಯ ಪಟ್ಟೆ ಸೀರೆ ಕೇಳಿದವಳಲ್ಲ. ಇವರು ಒಂದು ಸಲವಾದರೂ ನನ್ನ ಬದಿಯಲ್ಲಿ ನಡೆಯಬೇಕು, ನಾನು ತಲೆ ತಿರುಗಿಸಿದರೆ ಇವರ ಮುಖ ಕಾಣಬೇಕು. ಅದೊಂದೇ ನನ್ನ ಆಸೆ.

*ಹಿಂದೆ ಉಂಟು*

ಮದುವೆಯಾದ ಹೊಸದು. ಬೆಳ್ತಂಗಡಿಯಲ್ಲಿದ್ದ ಇವರ ಅಕ್ಕ ನಮ್ಮನ್ನು ಊಟಕ್ಕೆ ಕರೆದಿದ್ದರು. ಅಳಿಯಸಂತಾನದ ಕುಟುಂಬ ನಮ್ಮದು, ಮನೆತನ ನಡೆಯುವುದು ತಾಯಿಯ ಕಡೆಯಿಂದ. ಅಕ್ಕ ಒಂದು ಮಾತು ಹೇಳಿದರೆ ಅದರ ಮೇಲೆ ಇನ್ನೊಂದು ಮಾತು ಇಲ್ಲ. ಪೇಟೆಯಲ್ಲಿ ಗಂಡನ ಬೆನ್ನ ಹಿಂದೆ ಹೇಗೆ ನಡೆಯಬೇಕು ಎಂದು ನನಗೆ ಪಾಠ ಮಾಡಿದವರೂ ಈ ಅತ್ತಿಗೆಯೇ.

ಬಸ್ಸು ಮಡಂತ್ಯಾರಿನಲ್ಲಿ ಚಹಾಕ್ಕೆ ನಿಂತಿತು. ಇಬ್ಬರೂ ಇಳಿದೆವು. ಪುನಃ ಹತ್ತಲು ಹೋಗುವಾಗ ನನ್ನ ಚಪ್ಪಲಿಯ ಬಾರು ಕಿತ್ತಿತು. ಬಗ್ಗಿ ಅದಕ್ಕೆ ಪಿನ್ನು ಚುಚ್ಚಿ ತಲೆ ಎತ್ತುತ್ತೇನೆ, ಬಸ್ಸು ಇಲ್ಲ. ಇವರು ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತು ಹೋಗಿಯೇಬಿಟ್ಟಿದ್ದರು. ತಿರುಗಿ ನೋಡುವ ಅಭ್ಯಾಸ ಇದ್ದರಲ್ಲವೇ?

ಬೆಳ್ತಂಗಡಿಯಲ್ಲಿ ಇಳಿದು, ಅರ್ಧ ಮೈಲು ನಡೆದು, ಅಕ್ಕನ ಮನೆಯಲ್ಲಿ ಕಾಲು ತೊಳೆದು, ಬೆಲ್ಲ ನೀರು ಕುಡಿದು ಆದ ಮೇಲೆ ಅತ್ತಿಗೆ ಕೇಳಿದರಂತೆ, "ಮದುಮಗಳು ಎಲ್ಲಿ ತಮ್ಮಾ?"

"ಹಿಂದೆ ಉಂಟು," ಎಂದರಂತೆ ಇವರು.

ಅತ್ತಿಗೆ ಅಂಗಳಕ್ಕೆ ಇಳಿದು ನೋಡಿದರೆ ಮಾರ್ಗದ ತನಕ ಒಂದು ನಾಯಿ ಕೂಡ ಇಲ್ಲ. ನಾನು ಮುಂದಿನ ಬಸ್ಸು ಹಿಡಿದು, ದಾರಿ ಕೇಳಿಕೊಂಡು ಹೋಗಿ ಮುಟ್ಟುವಾಗ ಪಾಯಸ ತಣಿದಿತ್ತು. ಅತ್ತಿಗೆ ಬಡಿಸುತ್ತಾ ನನಗೆ ಸಮಾಧಾನ ಹೇಳಿದರು, "ಅವನು ಸುಳ್ಳು ಹೇಳಿದ್ದಲ್ಲ ಮಗಾ. ನೀನು ಹಿಂದೆಯೇ ಬಂದಿ ಅಲ್ವಾ?"

*ಇಗರ್ಜಿಯ ಬಾಗಿಲಲ್ಲಿ*

ಅರವತ್ತರ ದಶಕದ ಮಧ್ಯದಲ್ಲಿ ಕಾರ್ಖಾನೆಯವರು ಹೊಸ ಯಂತ್ರ ನೋಡಿ ಬರಲು ಇವರನ್ನು ಜರ್ಮನಿಗೆ ಕಳಿಸಿದರು. ನನ್ನ ಅಣ್ಣ ಲಂಡನ್ನಿನಲ್ಲಿ ಡಾಕ್ಟರ. "ಭಾವ ಬರುವಾಗ ತಂಗಿಯೂ ಬರಲಿ" ಎಂದು ನನಗೂ ಹಡಗಿನ ಟಿಕೆಟ್ ಮಾಡಿಸಿದ. ಇವರ ಯಂತ್ರದ ಕೆಲಸ ಬೇಗ ಮುಗಿಯುವಂಥದ್ದು. ಉಳಿದ ದಿವಸಗಳಲ್ಲಿ ನಾಲ್ಕು ಊರು ನೋಡಿಕೊಂಡು ಅಣ್ಣನ ಮನೆಗೆ ಹೋಗುವುದೆಂದು ಆಯಿತು. ಬಂಟ್ವಾಳದ ಕಣ್ಣು ಅಲ್ಲಿಗೆ ಮುಟ್ಟುವುದಿಲ್ಲ, ಅಲ್ಲಾದರೂ ಇವರು ನನ್ನ ಸಮಕ್ಕೆ ನಡೆಯುತ್ತಾರೆ ಎಂದು ನಾನು ಹಡಗು ಹತ್ತುವಾಗಲೇ ಲೆಕ್ಕ ಹಾಕಿದ್ದೆ.

ಲೆಕ್ಕ ತಪ್ಪಿತು. ರೋಮಿನಲ್ಲಿ ರೈಲು ಇಳಿದವರೇ ಕೊಡೆ ಬೀಸಿಕೊಂಡು ಮುಂದೆ ನಡೆದರು. ಒಂದು ದೊಡ್ಡ ಇಗರ್ಜಿಗೆ, ಎಂದರೆ ಚರ್ಚಿಗೆ, ಹೋದೆವು. ಇವರು ಬೂಟು ಹಾಕಿಕೊಂಡೇ ಒಳಗೆ ಹೋದರು. ನಾನು ಮೂಡಬಿದ್ರೆಯ ಬಸದಿಯ ಮೆಟ್ಟಿಲಲ್ಲಿ ಬೆಳೆದವಳು. ಅಷ್ಟು ಕಂಬ ಕಂಡ ಕೂಡಲೇ ಕಾಲು ತನ್ನಷ್ಟಕ್ಕೆ ಚಪ್ಪಲಿ ಬಿಟ್ಟಿತು. ಕಾಯುವವರು ಯಾರೂ ಇಲ್ಲ. ಬಿಟ್ಟು ಹೋಗಲು ಧೈರ್ಯ ಸಾಲದೆ, ಚಪ್ಪಲಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಬಾಗಿಲ ಬದಿಯಲ್ಲೇ ನಿಂತೆ. ಮೋಡ ಕವಿದಿತ್ತು. ಹನಿ ಬೀಳುತ್ತದೋ ಎಂದು ಕೈ ಚಾಚಿ ನೋಡಿದೆ.

ಹನಿ ಬೀಳಲಿಲ್ಲ. ಹಾದುಹೋಗುತ್ತಿದ್ದ ಒಬ್ಬಳು ಮುದುಕಿ ನನ್ನ ಬರಿಗಾಲು ನೋಡಿ, ಕೈ ನೋಡಿ, ಅಯ್ಯೋ ಎನ್ನುವ ಮುಖ ಮಾಡಿ ಅಂಗೈಯಲ್ಲಿ ಒಂದು ನಾಣ್ಯ ಇಟ್ಟು ಶಿಲುಬೆಯ ಗುರುತು ಮಾಡಿ ಹೋದಳು! ನಾನು ದೊಡ್ಡ ಮನೆತನದ ಹೆಣ್ಣು. ಮಾನ ಹೋಯಿತೆಂದು ನನಗೆ ಅಳುವೇ ಬಂತು. ಇವರು ಹೊರಗೆ ಬಂದಾಗ ಎಲ್ಲ ಹೇಳಿದೆ. ಇವರು ನಾಣ್ಯವನ್ನು ಎರಡೂ ಬದಿ ತಿರುಗಿಸಿ ನೋಡಿ, "ಇನ್ನು ಸ್ವಲ್ಪ ಹೊತ್ತು ನಿಲ್ಲು, ಇಬ್ಬರಿಗೂ ಕಾಫಿಗೆ ಆಗ್ತದೆ," ಎಂದರು.

*ಗಂಡನ ಹೆಸರು*

ಜಿನೀವಾದಲ್ಲಿ ಒಬ್ಬಳು ವಿಧವೆ ನಡೆಸುವ ಸಣ್ಣ ವಸತಿಗೃಹ. ಇವರು ಪೆಟ್ಟಿಗೆ ಹೊತ್ತುಕೊಂಡು ಮುಂದೆ ಹೋಗಿ, ಕೋಣೆ ಕೇಳಿ, ಕೀಲಿಕೈ ಹಿಡಿದು ಮೇಲೆ ಹತ್ತಿಯೇಬಿಟ್ಟಿದ್ದರು. ಇಬ್ಬರಿದ್ದೇವೆ ಎಂದು ಹೇಳಬೇಕೆಂದು ತೋರಲಿಲ್ಲ. ಹಿಂದೆ ನಾನು ಕಾಣುತ್ತೇನಲ್ಲ ಎಂದು ಇವರ ಎಣಿಕೆ. ನಾನು ಎರಡು ಚೀಲ ಎಳೆದುಕೊಂಡು ಒಳಗೆ ಕಾಲಿಡುವಾಗ ಆ ಹೆಂಗಸು ಅಡ್ಡ ಬಂದು ನಿಂತಳು.

"ಈಗ ಮೇಲೆ ಹೋದರಲ್ಲ, ಅವರ ಹೆಂಡತಿ ನಾನು," ಎಂದೆ ನನ್ನ ಶಾಲೆಯ ಇಂಗ್ಲಿಷಿನಲ್ಲಿ.

ಪಾಸ್‌ಪೋರ್ಟು ಕೇಳಿದಳು. ಅದರಲ್ಲಿ ನನ್ನ ತಾಯಿಮನೆಯ ಹೆಸರು ಉಂಟು, ಇವರದ್ದರಲ್ಲಿ ಇವರ ತಾಯಿಮನೆಯದ್ದು. ನಮ್ಮಲ್ಲಿ ಹಾಗೆಯೇ ಎಂದು ಅಳಿಯಸಂತಾನದ ಕಟ್ಟಳೆಯನ್ನು ಜಿನೀವಾದ ಬಾಗಿಲಲ್ಲಿ ನಿಂತು ವಿವರಿಸಲು ಆಗುತ್ತದೆಯೇ? ಅವಳು ಕೊನೆಯ ಪರೀಕ್ಷೆ ಇಟ್ಟಳು, "ಸರಿ, ನಿನ್ನ ಗಂಡನ ಹೆಸರು ಹೇಳು."

ನಾನು ಮದುವೆಯಾದ ಮೇಲೆ ಆ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ. ನಾಚಿಕೆಯಿಂದ ನೆಲ ನೋಡಿದೆ. ಹೆಂಗಸಿಗೆ ಖಾತ್ರಿಯಾಯಿತು. ಇದು ಮರ್ಯಾದಸ್ಥರ ಮನೆ, ಇಂಥದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಬಾಗಿಲು ತೋರಿಸಿದಳು.

ನನಗೆ ಪಿತ್ತ ನೆತ್ತಿಗೇರಿತು. ಮೆಟ್ಟಿಲಿನ ಬುಡದಲ್ಲಿ ನಿಂತು ತುಳುವಿನಲ್ಲಿ ಕೂಗಿದೆ, "ಓಯ್, ಕೇಳ್ತದಾ? ಕೆಳಗೆ ಬರ್ತೀರಾ, ಅಲ್ಲ ನಾನು ಹೀಗೇ ಮೂಡಬಿದ್ರೆಗೆ ಹೋಗಬೇಕಾ?"

ಇವರು ಮುಖಕ್ಕೆಲ್ಲ ಸಾಬೂನು ಹಚ್ಚಿಕೊಂಡು ಮೇಲಿನ ಮೆಟ್ಟಿಲಲ್ಲಿ ಕಾಣಿಸಿದರು. "ಎಂಥದು ಬೊಬ್ಬೆ ಮಾರಾಯ್ತಿ? ಬೇಗ ಬೇಗ ನಡೆಯಲಿಕ್ಕೆ ಆಗುವುದಿಲ್ಲವಾ?"

"ಎರಡು ಚೀಲ ಹೊತ್ತು ನೀವು ನಡೀರಿ ನೋಡುವ!"

"ಅಷ್ಟು ಸೀರೆ ತುಂಬಿಸು ಅಂತ ನಾನು ಹೇಳಿದೆನಾ?"

"ಹೇಳಿದ್ದರೆ ಕೇಳ್ತಿತ್ತಾ? ನೀವು ಒಂದು ಫರ್ಲಾಂಗು ಮುಂದೆ ಅಲ್ವಾ ಇರುವುದು!"

ಆ ಹೆಂಗಸಿಗೆ ತುಳು ಒಂದಕ್ಷರ ಬಾರದು. ಇವರನ್ನು ನೋಡಿದಳು, ನನ್ನನ್ನು ನೋಡಿದಳು, ಪುನಃ ಇವರನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಎರಡನೇ ಟವೆಲು ತಂದು ನನ್ನ ಕೈಗೆ ಕೊಟ್ಟಳು.

*ಪೊಲೀಸಿನವನು*

ಜರ್ಮನಿಯಲ್ಲಿ ಯಂತ್ರದ ಕೆಲಸ ಮುಗಿಸಿ ಪ್ಯಾರಿಸ್ಸಿಗೆ ಬಂದೆವು. ಅಲ್ಲಿಯ ಆ ಎತ್ತರದ ಗೋಪುರದ ಎದುರು ಯಾರನ್ನೋ ಕೇಳಿ ಒಂದು ಫೋಟೋ ತೆಗೆಸಿಕೊಂಡೆವು. ಈಗಲೂ ಮನೆಯಲ್ಲಿ ಉಂಟು. ಅದರಲ್ಲಿ ಗೋಪುರ ಉಂಟು, ಇವರಿದ್ದಾರೆ, ಇವರ ಭುಜದ ಹಿಂದಿನಿಂದ ನನ್ನ ಅರ್ಧ ಕಿವಿ ಮತ್ತು ಒಂದು ಬೆಂಡೋಲೆ ಉಂಟು.

ಅಂದೇ ಸಂಜೆ ನದಿಯ ಸಂಕ ದಾಟಿ ಕೋಣೆಗೆ ಹೊರಟಿದ್ದೆವು. ಜನವೋ ಜನ. ಇವರು ಎಡಕ್ಕೆ ತಿರುಗಿದರೆ ನಾನು ಎಡಕ್ಕೆ, ಮಾರ್ಗ ದಾಟಿದರೆ ನಾನೂ ದಾಟುವುದು. ತಪ್ಪಿಸಿಕೊಂಡರೆ ಈ ಊರಿನಲ್ಲಿ ಮುಂದಿನ ಬಸ್ಸು ಹಿಡಿಯುವ ಹಾಗಿಲ್ಲ ಎಂಬ ಹೆದರಿಕೆಯಲ್ಲಿ ಕಣ್ಣನ್ನು ಆ ಬೆನ್ನಿನಲ್ಲೇ ನೆಟ್ಟು ಓಡುತ್ತಿದ್ದೆ. ಪ್ಯಾರಿಸ್ಸಿನಲ್ಲಿ ಏನು ನೋಡಿದಿ ಎಂದು ಯಾರಾದರೂ ಕೇಳಿದರೆ, ಕಂದು ಬಣ್ಣದ ಕೋಟು ಎಂದೇ ಹೇಳಬೇಕು.

ಒಬ್ಬ ಪೊಲೀಸಿನವನು ಇದನ್ನೆಲ್ಲ ನೋಡುತ್ತಿದ್ದನೆಂದು ತೋರುತ್ತದೆ. ಇವರನ್ನು ತಡೆದು, ಸಲ್ಯೂಟು ಹೊಡೆದು, ಮುರುಕು ಇಂಗ್ಲಿಷಿನಲ್ಲಿ ಹೇಳಿದ, "ಸ್ವಾಮೀ, ಆ ಸಂಕದಿಂದ ಒಬ್ಬಳು ಹೆಂಗಸು ನಿಮ್ಮ ಬೆನ್ನು ಹತ್ತಿದ್ದಾಳೆ. ಏನಾದರೂ ತೊಂದರೆಯೋ?"

ಇವರು ಗಾಬರಿಯಿಂದ ತಿರುಗಿ ನೋಡಿದರು. ಯಾರಿರಬಹುದು ಎಂದು ನನ್ನ ಹಿಂದೆಯೂ ಇಣುಕಿದರು! ಆಮೇಲೆ ತಿಳಿಯಿತು. "ಇವಳು ನನ್ನ ಹೆಂಡತಿ," ಎಂದರು.

"ಜಗಳವಾಗಿದೆಯೋ?"

"ಇಲ್ಲಪ್ಪ."

"ಮತ್ತೆ ಹಿಂದೆ ಯಾಕೆ?"

ಇವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. ಬಂಟ್ವಾಳದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪೊಲೀಸಿನವನು ತಲೆ ಕೊಡವಿ, ನನ್ನ ಕೈಯನ್ನು ಮೆಲ್ಲ ಎತ್ತಿ ಇವರ ತೋಳಿನಲ್ಲಿ ಸಿಕ್ಕಿಸಿ, ಪೀಪಿ ಊದಿ, ಹೋಗಿ ಎಂದು ಕೈ ಬೀಸಿದ. ಇವರ ಕಿವಿ ಕೆಂಪಾಗಿತ್ತು. "ಅಕ್ಕ ನೋಡಿದರೆ ನನ್ನ ಕಥೆ ಮುಗೀತು," ಎಂದು ಗೊಣಗುತ್ತಾ ನಡೆದರು. ನಾಲ್ಕು ಹೆಜ್ಜೆ ಹೋಗಿ, "ಅವನು ಇನ್ನೂ ನೋಡ್ತಾ ಇದ್ದಾನಾ?" ಎಂದು ಕೇಳಿದರು.

ನಾನು ತಿರುಗಿ ನೋಡಿದೆ. ಅವನು ಆಗಲೇ ಬೇರೆ ಯಾರದೋ ಸೈಕಲ್ಲು ನಿಲ್ಲಿಸಿ ಬೈಯುತ್ತಿದ್ದ. "ನೋಡ್ತಾ ಇದ್ದಾನೆ," ಎಂದೆ. ಕೋಣೆ ಮುಟ್ಟುವ ತನಕವೂ ಅವನು ನೋಡುತ್ತಲೇ ಇದ್ದ.

*ಉತ್ತರ ಕೊಡದವಳು*

ಲಂಡನ್ನಿನಲ್ಲಿ ಪೊಲೀಸು ಬೇಕಾಗಲಿಲ್ಲ. ಅಭ್ಯಾಸವಾಯಿತೋ, ನನ್ನ ಅಣ್ಣ ನಕ್ಕಾನು ಎಂದೋ, ಇವರು ತಾವಾಗಿಯೇ ಬದಿಯಲ್ಲಿ ನಡೆದರು. ಆಗ ಒಂದು ಆಶ್ಚರ್ಯ ಕಾದಿತ್ತು. ಇವರು ನಡೆಯುವಾಗ ಮಾತಾಡುತ್ತಾರೆ! ಆ ಮಾಡಿನ ಹಂಚು ನೋಡು, ಈ ಮಳೆ ನಮ್ಮ ಆಟಿ ತಿಂಗಳ ಮಳೆಯ ಹಾಗೆಯೇ ಉಂಟು, ಚಳಿಗೆ ನಿನಗೊಂದು ಶಾಲು ತೆಗೆಯುವನಾ, ಎಂದು ಸಣ್ಣ ದನಿಯಲ್ಲಿ ಒಂದೇ ಸಮನೆ.

"ಇಷ್ಟೆಲ್ಲ ಮಾತಾಡಲಿಕ್ಕೆ ಯಾವಾಗ ಕಲಿತಿರಿ?" ಎಂದು ಕೇಳಿದೆ.

"ಯಾವಾಗಲೂ ಮಾತಾಡ್ತೇನಲ್ಲ. ಬಂಟ್ವಾಳದಲ್ಲೂ ಮಾತಾಡ್ತಾ ಇದ್ದೆ. ನೀನೇ ಉತ್ತರ ಕೊಡ್ತಿರಲಿಲ್ಲ."

ನಾನು ನಿಂತುಬಿಟ್ಟೆ. ಇಷ್ಟು ವರ್ಷ ಇವರು ಎದುರು ನೋಡಿಕೊಂಡು ನನ್ನ ಹತ್ತಿರ ಮಾತಾಡುತ್ತಲೇ ನಡೆದಿದ್ದರು, ಎರಡು ಗಾಡಿ ದೂರದಲ್ಲಿ ನನಗೆ ಒಂದೂ ಕೇಳಿಸಿರಲಿಲ್ಲ. "ಉತ್ತರ ಕೊಡದಿದ್ದರೆ ನೀವು ಎಂಥ ಎಣಿಸಿದಿರಿ?" ಎಂದೆ.

"ಎಲ್ಲದಕ್ಕೂ ನಿನ್ನ ಒಪ್ಪಿಗೆ ಉಂಟು ಅಂತ ಎಣಿಸಿದೆ," ಎಂದರು.

*ಪೇಟೆಯ ನಡುವೆ*

ಹಿಂದಿರುಗುವ ಹಡಗಿನಲ್ಲಿ ನನಗೆ ಚಿಂತೆಯೇ ಚಿಂತೆ. ಬಂಟ್ವಾಳದಲ್ಲಿ ಬಸ್ಸು ಇಳಿದ ಕೂಡಲೇ ಆ ಬೆನ್ನು ಪುನಃ ಎದುರಿಗೆ ಬರುತ್ತದೆ, ಇವರ ಮಾತೆಲ್ಲ ಪುನಃ ಗಾಳಿಗೆ ಹೋಗುತ್ತದೆ. ಕೇಳಲು ಧೈರ್ಯವಾಗಲಿಲ್ಲ.

ಬಸ್ಸು ಇಳಿದೆವು. ಇವರು ಕೊಡೆ ಬಿಡಿಸಿದರು. ಒಂದು ಹೆಜ್ಜೆ ಮುಂದೆ ಇಟ್ಟರು. ನಾನು ಹಿಂದೆ ಸರಿದು ನಿಂತೆ. ಇವರು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೆಮ್ಮಿದರು, ಆಮೇಲೆ ಮೊಣಕೈಯನ್ನು ಪ್ಯಾರಿಸ್ಸಿನ ಹಾಗೆ ಚಾಚಿದರು. ನನ್ನ ಕಣ್ಣು ತುಂಬಿತು. ಕೈ ಹಿಡಿದೆ.

ಅಂಗಡಿಗಳಲ್ಲಿ ಮಾತು ನಿಂತಿತು. ಜವಳಿ ಅಂಗಡಿಯ ಬ್ಯಾರಿ ಸಾಹುಕಾರರು ಗಡಬಡಿಸಿ ಎದ್ದು ಕುರ್ಚಿ ತಂದು ಮಾರ್ಗದಲ್ಲೇ ಇಟ್ಟರು. "ಕೂತ್ಕೊಳ್ಳಿ ಮ್ಯಾನೇಜರೇ, ಸ್ವಲ್ಪ ಸುಧಾರಿಸಿ ಹೋಗುವ." ಹೋಟೆಲಿನ ಭಟ್ಟರು ಸೋಡಾ ಹಿಡಿದು ಓಡಿ ಬಂದರು. ಪರದೇಶದಿಂದ ಬಂದವರಿಗೆ ಎಷ್ಟು ಮರ್ಯಾದೆ ಎಂದು ನಾವಿಬ್ಬರೂ ಉಬ್ಬಿಹೋದೆವು.

ಸಂಜೆ ತಿಳಿಯಿತು. ಒಬ್ಬೊಬ್ಬರೇ ಕಿತ್ತಳೆ, ಬ್ರೆಡ್ಡು, ಎಳನೀರಿನ ಬೊಂಡ ಹಿಡಿದುಕೊಂಡು ಮನೆಗೆ ಬರತೊಡಗಿದರು. ಎಲ್ಲರದ್ದೂ ಕಿವಿಯ ಹತ್ತಿರ ಬಗ್ಗಿ ಒಂದೇ ಪ್ರಶ್ನೆ, "ಯಾವಾಗಿನಿಂದ ಹೀಗೆ? ಡಾಕ್ಟರು ಎಂಥ ಹೇಳಿದ್ದಾರೆ?" ಹೆಂಡತಿಯ ಕೈ ಹಿಡಿದು ನಡುಪೇಟೆಯಲ್ಲಿ ನಡೆಯಬೇಕಾದರೆ ಮನುಷ್ಯನಿಗೆ ಕಾಯಿಲೆ ಎಷ್ಟು ಜೋರು ಆಗಿರಬೇಕು!

ಮರುದಿನ ಮೊದಲ ಬಸ್ಸಿಗೆ ಬೆಳ್ತಂಗಡಿಯ ಅತ್ತಿಗೆ ಬಂದರು, ಜೊತೆಗೆ ಒಬ್ಬರು ಮದ್ದಿನ ಪಂಡಿತರು, ಕಷಾಯದ ಕಟ್ಟು. ಬಾಗಿಲಲ್ಲೇ ಅತ್ತರು. "ಗಟ್ಟಿಮುಟ್ಟಾಗಿ ಹೋದವನು, ಹೆಂಡತಿ ಹಿಡಿದುಕೊಂಡು ಬರುವ ಹಾಗೆ ಆಯ್ತಾ ತಮ್ಮಾ?"

ಏನೂ ಆಗಿಲ್ಲ ಎಂದು ಇವರು ಹೇಳಿದರೆ, ಮತ್ತೆ ಯಾಕೆ ಕೈ ಹಿಡಿದದ್ದು ಎಂದು ಅತ್ತಿಗೆ ಕೇಳುತ್ತಾರೆ. ಅಲ್ಲಿಗೆ ನನ್ನ ಸುಖ ಮುಗಿಯಿತು. ಇವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲನೆ ಆರಾಮ ಕುರ್ಚಿಗೆ ಒರಗಿ, ಸಣ್ಣಕೆ ನರಳಿ ಹೇಳಿದರು, "ಹೌದು ಅಕ್ಕ. ಒಬ್ಬನೇ ಮುಂದೆ ಮುಂದೆ ನಡೆಯಲೇಬಾರದು ಅಂತ ಹೇಳಿದ್ದಾರೆ."

"ಯಾರು, ಲಂಡನ್ನಿನ ಡಾಕ್ಟರಾ?"

"ಅಲ್ಲ, ಪ್ಯಾರಿಸ್ಸಿನವನು. ದೊಡ್ಡ ಆಫೀಸರ."

"ಎಷ್ಟು ಸಮಯ ಹೀಗೆ?"

"ಜೀವ ಇರುವಷ್ಟು ಸಮಯವೂ."

ಅತ್ತಿಗೆ ಸೆರಗಿನಲ್ಲಿ ಕಣ್ಣೊರಸಿಕೊಂಡು ನನ್ನ ಕಡೆ ತಿರುಗಿದರು. ನಾನು ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಅಷ್ಟು ಸಿಟ್ಟು ಕಂಡದ್ದಿಲ್ಲ.

"ಕೇಳಿತಾ? ಇನ್ನು ಪೇಟೆಯಲ್ಲಿ ಇವನನ್ನು ಮುಂದೆ ಬಿಟ್ಟು ನೀನು ಹಿಂದೆ ಆರಾಮದಲ್ಲಿ ಬರುವುದು ನನ್ನ ಕಣ್ಣಿಗೆ ಬೀಳಲಿ, ನೋಡು ಮತ್ತೆ!"