ಹಣೆಯಲ್ಲಿ ಸೂಜಿ, ಬೆನ್ನ ಹಿಂದೆ ಕರೆ

ಸೂಜಿ ಚಿಕಿತ್ಸೆಯಲ್ಲಿ ರೋಗಿ ಮಾಡಬೇಕಾದ ಕೆಲಸ ಒಂದೇ: ಏನೂ ಮಾಡದೆ ಮಲಗುವುದು. ಆ ಕೆಲಸದಲ್ಲಿ ನನಗೆ ದೀರ್ಘ ಅನುಭವವಿದೆ ಎಂದು ಹೆಂಡತಿ ಸುಮತಿಯೇ ಡಾಕ್ಟರಿಗೆ ಶಿಫಾರಸು ಮಾಡಿದ್ದಳು.

ನ್ಯುಮೋನಿಯ ಹಿಡಿದು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಮೂಗಿಗೆ ಆಕ್ಸಿಜನ್ ನಳಿಗೆ. ಇದು ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ ಎಂದು ಹೇಳಿ ಸೂಜಿ ಡಾಕ್ಟರಮ್ಮ ನನ್ನ ಎದೆಗೆ, ಮಣಿಕಟ್ಟಿಗೆ, ಕೊನೆಗೆ ಹುಬ್ಬುಗಳ ನಡುವೆ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿದರು. ಕಣ್ಣು ಮುಚ್ಚಿ, ಅಲ್ಲಾಡಬೇಡಿ ಎಂದರು. ಸಂಜೆ ಉಸಿರು ಸರಿಯಿದ್ದರೆ ನಳಿಗೆ ತೆಗೆದು, ಮರುದಿನ ಕಾಣಿಯೂರಿನ ಮನೆಗೆ ಕಳುಹಿಸುವ ಮಾತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ಪರದೆ ಎಳೆದರು. ಸುಮತಿ ಚಹಾ ತರಲು ಹೋದಳು.

ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಇಷ್ಟು ಹೊತ್ತು ನನ್ನ ಉಸಿರೆಂದು ನಾನು ಕೇಳುತ್ತಿದ್ದದ್ದು ಫ್ಯಾನಿನ ಸದ್ದು ಎಂದು ಆಗ ಗೊತ್ತಾಯಿತು.

ತಲೆಯ ಹಿಂದಿನಿಂದ ಪಿಸುದನಿಯಲ್ಲಿ, "ರೈಗಳೇ." ಒಂದೇ ಸಲ.

ನಮ್ಮಲ್ಲಿ ಅಜ್ಜಿಯ ಕಾಲದ ನಿಯಮವೊಂದಿದೆ. ಸತ್ತವರ ಕುಲೆ, ಅಂದರೆ ಪ್ರೇತ, ಒಂದೇ ಸಲ ಕರೆಯುತ್ತದೆ; ಓಗೊಟ್ಟರೆ ಅದರ ಜೊತೆ ಹೋಗಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಆದರೆ ಹಣೆಯಲ್ಲಿ ಸೂಜಿ ಇಟ್ಟುಕೊಂಡು ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ. ಸುಮ್ಮನಿದ್ದೆ.

ಆಮೇಲೆ ಗಂಡಸಿನ ದನಿ, ಒಂದು ಸಲ. ನರ್ಸಿನ ದನಿ, ಒಂದು ಸಲ. ಒಬ್ಬರೇ ಮೂರು ಸಲ ಕರೆದರೆ ಸರಿ. ಮೂವರು ಒಂದೊಂದು ಸಲ ಕರೆದರೆ? ಅಜ್ಜಿ ಇದರ ಬಗ್ಗೆ ಏನೂ ಹೇಳಿರಲಿಲ್ಲ. ತಣ್ಣನೆಯ ಬೆರಳೊಂದು ಕೊರಳನ್ನು ತಡಕಿತು. ನಾನು ಉಸಿರು ಬಿಗಿಹಿಡಿದೆ. ಶ್ವಾಸಕೋಶದ ರೋಗಿ ಮಾಡಲೇಬಾರದ ಕೆಲಸ ಅದು. ತುರ್ತು ಚಿಕಿತ್ಸೆಯ ಗಾಡಿಯ ಗಾಲಿಗಳು ಗಡಗಡ ಬಂದವು.

"ಓಯ್." ಸುಮತಿ. "ಓಯ್." ಸ್ವಲ್ಪ ತಡೆದು, "ಓಯ್, ನಿಮ್ಮನ್ನೇ."

"ಓ," ಎಂದೆ.

"ಅವರು ಕರೆಯುವಾಗ ಎಂತ ಆಗಿತ್ತು ಮಾರಾಯ್ರೆ?"

"ಅವರು ಕರೆದದ್ದು ಒಂದೊಂದೇ ಸಲ."

ಡಾಕ್ಟರಮ್ಮ ಘಟ್ಟದ ಮೇಲಿನವರು, ಏನೂ ಅರ್ಥವಾಗಲಿಲ್ಲ. ಸುಮತಿ ನಗದೆ, ಇಡೀ ವಾರ್ಡಿಗೆ ಕೇಳುವ ಹಾಗೆ ನಿಯಮವನ್ನು ವಿವರಿಸಿದಳು. ಪಕ್ಕದ ಮಂಚದಲ್ಲಿದ್ದ ನರಿಮೊಗರಿನ ಅದ್ದು ಬ್ಯಾರಿಗಳೂ ಪರದೆಯಾಚೆಯಿಂದ, "ನಾನಾದ್ರೂ ಮಾತಾಡ್ತಿರಲಿಲ್ಲ ಡಾಕ್ಟ್ರೇ" ಎಂದು ಅನುಮೋದಿಸಿದರು. ಆದರೂ ಕರೆದರೆ ಪ್ರತಿಕ್ರಿಯೆ ಇಲ್ಲದ ರೋಗಿಯೆಂದು ನನ್ನ ನಳಿಗೆ ಉಳಿಯಿತು. ಮನೆಗೆ ಹೋಗುವುದು ಮುಂದೆ ಹೋಯಿತು. ಅಲ್ಲಿಂದ ಮಾತ್ರೆಗೂ ಗಂಜಿಗೂ ನರ್ಸುಗಳು ನನ್ನನ್ನು ಶ್ರದ್ಧೆಯಿಂದ ಮೂರು ಸಲ ಕರೆಯತೊಡಗಿದರು.

ನಾಚಿಕೆಯಾಯಿತು. ಇನ್ನು ಮೊದಲ ಕರೆಗೇ ಓಗೊಟ್ಟು ಬೇಗ ಮನೆ ಸೇರಬೇಕೆಂದು ನಿಶ್ಚಯಿಸಿದೆ. ಮರುದಿನ ಮತ್ತೆ ಸೂಜಿ, ಮತ್ತೆ ಪರದೆ.

"ರೈಗಳೇ."

"ಓ!" ಎಂದೆ, ಆದರ್ಶ ರೋಗಿಯ ಹಾಗೆ.

ಮುಂದೆ ಯಾರೂ ಮಾತಾಡಲಿಲ್ಲ. ಪರದೆ ಅಲ್ಲಾಡಲಿಲ್ಲ. ಕರೆದದ್ದು ಯಾರೆಂದು ಬ್ಯಾರಿಗಳನ್ನು ಕೇಳಿದೆ.

"ಯಾರೂ ಬರ್ಲಿಲ್ಲ ರೈಗಳೇ. ನೀವು ಓ ಹೇಳಿದ್ದು ಮಾತ್ರ ಕೇಳಿತು." ಆಮೇಲೆ ಮೆಲ್ಲಗೆ, "ಎಂತಕ್ಕೆ ಹೇಳಿದ್ರಿ?"

ಈಗ ಮನೆಯಲ್ಲಿದ್ದೇನೆ. ಉಸಿರು ಸರಿಯಾಗಿದೆ, ಮದ್ದಿಗೋ ಸೂಜಿಗೋ ಗೊತ್ತಿಲ್ಲ. ಸುಮತಿ ಊಟಕ್ಕೆ ಮೂರು ಸಲ ಕರೆಯುತ್ತಾಳೆ. ನಾನು ನಾಲ್ಕನೆಯದಕ್ಕೆ ಕಾಯುತ್ತೇನೆ. ಅವಳು ಅಂದು ನಿಯಮ ವಿವರಿಸುವಾಗ ಆ ವಾರ್ಡಿನಲ್ಲಿ ಯಾರ್ಯಾರು ಕೇಳಿಸಿಕೊಂಡು ಮೂರು ಸಲ ಕರೆಯಲು ಕಲಿತರೋ ಯಾರಿಗೆ ಗೊತ್ತು?

ಅವಳು ನಾಲ್ಕನೆಯ ಸಲ ಕರೆಯುವುದಿಲ್ಲ. ಹಾಗಾಗಿ ದಿನವೂ ತಣ್ಣಗಾದ ಅನ್ನ.