ಕಾಕಾನ ‘ಮುಟ್ಟಿತು’

ನಮ್ಮ ಕಾಕಾನ ಬೆನ್ನ ಹಿಂದೆ ಹಾವು ಬಂದಿದೆ ಎಂದು ನೀವು ಕೂಗಿದರೂ ಅವರು ಓಡುವವರಲ್ಲ! ಮೊದಲು "ಮುಟ್ಟಿತು" ಎನ್ನುತ್ತಾರೆ. ನಿಮ್ಮ ಮಾತು ತಮಗೆ ತಲುಪಿತು ಎಂದರ್ಥ. ಅದಕ್ಕೆ ನೀವು "ಸರಿ" ಎನ್ನಬೇಕು. ಆಮೇಲಷ್ಟೇ ತಿರುಗಿ ನೋಡುತ್ತಾರೆ. ಅಲ್ಲಿಯವರೆಗೆ ಹಾವು ಕಾಯಬೇಕು.

ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು, ನಿವೃತ್ತರಾಗಿ ಕಮಲಾಪುರಕ್ಕೆ ಮರಳಿದ ಮೇಲೆ ಮನೆಯನ್ನೂ ಅದೇ ಕಾನೂನಿನಲ್ಲಿ ನಡೆಸಿದರು. ಅಡುಗೆಮನೆಯಿಂದ ಕಾಕಿ, ಬೀದಿಯಿಂದ ಹಾಲಿನವಳು, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸದೆ ಒಟ್ಟಿಗೇ ಏನಾದರೂ ಕೇಳಿದರೋ, ನಡುಮನೆಯಲ್ಲಿ ಕೂತ ಕಾಕಾ ಕೈ ಎತ್ತಿಬಿಡುತ್ತಿದ್ದರು. ಎರಡೂ ಮಾತು ಗಾಳಿಯಲ್ಲಿ ಡಿಕ್ಕಿ ಹೊಡೆದವು, ಒಂದೂ ಬರಲಿಲ್ಲ, ಒಬ್ಬೊಬ್ಬರಾಗಿ ಮತ್ತೆ ಹೇಳಿರಿ! ಒಲೆಯ ಮೇಲೆ ಹಾಲು ಉಕ್ಕಿದ ದಿನವೂ ಇದೇ ಕಾನೂನು. ಕಾಕಿ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ನಗುತ್ತಿದ್ದೆ. ಕಲಬುರಗಿಯಲ್ಲಿ ಎಂ.ಟೆಕ್ ಓದುತ್ತಿದ್ದ ಪಂಡಿತನಲ್ಲವೇ ನಾನು! ನನ್ನ ಪ್ರಾಜೆಕ್ಟಿನಲ್ಲಿ ತಂತಿಯಿಲ್ಲದೆ, ಟವರ್ ಇಲ್ಲದೆ, ಮೂರು ಲ್ಯಾಪ್‌ಟಾಪ್‌ಗಳು ತಮ್ಮತಮ್ಮಲ್ಲೇ ಮಾತಾಡಬೇಕಿತ್ತು. ಆಡಿದವು, ಆಮೆಯ ಹಾಗೆ. ಎರಡು ತುದಿಯವು ಒಂದರ ದನಿ ಇನ್ನೊಂದಕ್ಕೆ ಕೇಳಿಸದೆ, ನಡುವಿನದರ ಜೊತೆ ಒಟ್ಟಿಗೇ ಮಾತಾಡಿ ಡಿಕ್ಕಿ. ಕಂಪ್ಯೂಟರುಗಳ ನಡುವೆ ಮಾತು ಸಾಗಿಸುವ ನಿಯಮಾವಳಿ, ಟಿಸಿಪಿ ಎಂಬ ಮಹಾಶಯನೋ, ಮುಟ್ಟಿತೆಂಬ ಉತ್ತರ ಬರದಿದ್ದರೆ ದಾರಿ ತುಂಬಿದೆ ಎಂದುಕೊಂಡು ನಿಧಾನವಾಗುತ್ತಿದ್ದ. ಮತ್ತೆ ಬರದಿದ್ದರೆ ಇನ್ನೂ ನಿಧಾನ. ದಾರಿ ನೋಡಿದರೆ ಖಾಲಿ! ಆರು ತಿಂಗಳು ತಲೆ ಕೆರೆದುಕೊಂಡು ಕೊನೆಗೆ ಕಾಕಾನ ಮುಂದೆ ಗೋಳು ಹೇಳಿಕೊಂಡೆ.

"ಜವಾಬ್ ಬರಲಿಲ್ಲಂದ್ರ ರಸ್ತಾ ತುಂಬ್ಯದ ಅಂತ ಯಾಕ ತಿಳ್ಕೋಬೇಕು? ಮಾತು ಗಾಳ್ಯಾಗ ಕಳದಿರಬೇಕು. ಅಂಜಬ್ಯಾಡ, ಮತ್ತ ಹೇಳು," ಎಂದರು. ನನ್ನ ಇಡೀ ಪ್ರಾಜೆಕ್ಟಿಗೆ ಅದೇ ಜೀವಾಳವಾಯಿತು.

ಪರೀಕ್ಷಕರ ಮುಂದೆ ಅದನ್ನು ವಿವರಿಸುವ ದಿನ ಕಾಕಾ ಬಸ್ಸು ಹಿಡಿದು ಕಾಲೇಜಿಗೇ ಬಂದುಬಿಟ್ಟರು. ಮೈಮೇಲೆ ಹಳೆಯ ಖಾಕಿ ಸ್ವೆಟರ್, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಚಿಪ್ಪು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪ್ರತಿ ವಾಕ್ಯಕ್ಕೂ "ಮುಟ್ಟಿತು" ಎಂದು ಘೋಷಿಸತೊಡಗಿದರು. ನನ್ನ "ಸರಿ"ಗಾಗಿ ಕಾಯುತ್ತಲೂ ಇದ್ದರು! ಗೆಳೆಯರೆಲ್ಲ ಮುಸಿಮುಸಿ ನಕ್ಕರು. ನನಗೆ ಬೆವರು. ಪರೀಕ್ಷಕರೊಬ್ಬರು ಇವರು ಯಾರು ಎಂದು ಕೇಳಿದರು.

"ಗೊತ್ತಿಲ್ಲ ಸರ್," ಎಂದೆ.

ಹಿಂದಿನ ಬೆಂಚಿನಿಂದ ಮೆಲ್ಲಗೆ ಬಂತು: "ಮುಟ್ಟಿತು."

ಎಲ್ಲ ಮುಗಿಸಿ ತಿರುಗಿದಾಗ ಬೆಂಚಿನ ಮೇಲೆ ಬಾಳೆಹಣ್ಣು ಇತ್ತು, ಕಾಕಾ ಇರಲಿಲ್ಲ.

ಅಂದು ಸಂಜೆಯೇ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡು ವಾರ ಬಿಟ್ಟು ಮಾಡಿದೆ. ಆಮೇಲೆ ತಿಂಗಳು ಬಿಟ್ಟು. ಆಮೇಲೆ ಮಾಡುವುದನ್ನೇ ಬಿಟ್ಟೆ. ಯಾವ ಪೆದ್ದತನಕ್ಕಾಗಿ ಟಿಸಿಪಿಯನ್ನು ಪುಟಗಟ್ಟಲೆ ಬೈದು ಡಿಗ್ರಿ ಗಿಟ್ಟಿಸಿದ್ದೆನೋ, ಅದನ್ನೇ ಮಾಡಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವರ್ಷದ ಮೇಲೆ ಧೈರ್ಯ ಮಾಡಿ ಕಮಲಾಪುರಕ್ಕೆ ಹೋದೆ. ನಿನ್ನ ಪರೀಕ್ಷೆಗೂ ಮೊದಲೇ ಮಳೆಗೆ ಫೋನು ಕೆಟ್ಟಿತ್ತು, ಅಲ್ಲಿ ರಿಂಗಾದರೂ ಇಲ್ಲಿ ಬಡಿಯುತ್ತಿರಲಿಲ್ಲ, ನಿನಗೆ ಬಂದು ನೋಡಲು ಏನಾಗಿತ್ತು ಎಂದು ಕಾಕಿ ಬಾಗಿಲಲ್ಲೇ ಬೈದರು. ಕಾಕಾ ಒಳಗೆ ಬಾಳೆಹಣ್ಣು ಸುಲಿಯುತ್ತ ಕೂತಿದ್ದರು.

"ತಪ್ಪಾತ್ರಿ ಕಾಕಾ," ಎಂದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಉತ್ತರವಿಲ್ಲ. ಮೂರನೆಯ ಸಲ ಹೇಳುವಾಗ ನನ್ನ ದನಿ ಒಡೆಯಿತು.

"ಮುಟ್ಟಿತು," ಎಂದರು. "ಮೊದಲನೇ ಸಲಾನೇ ಮುಟ್ಟಿತ್ತು. ಎಷ್ಟು ಸಲ ಹೇಳ್ತಿ ಅಂತ ನೋಡಾಕತ್ತಿದ್ದೆ."

ಸುಲಿದ ಹಣ್ಣನ್ನು ನನ್ನ ಕೈಗೆ ಕೊಟ್ಟರು. ನಾನು "ಸರಿ" ಎನ್ನಬೇಕಿತ್ತು. ಕಾಕಾ ಕಾದರು.