ಸತ್ತ ಕೋಶಗಳ ಮನೆಗಷ್ಟೇ ಹೋಗುವ ಕೆಂಪು ಬಣ್ಣದವರಿಗೆ

ಫ್ರಿಜ್ಜಿನ ಎರಡನೇ ಖಾನೆಯಲ್ಲಿ, ಬೆಳಕು ತಾಗದಂತೆ ಬೆಳ್ಳಿಹಾಳೆ ಹೊದ್ದು ವಿಶ್ರಮಿಸುತ್ತಿರುವ ಕೆಂಪು ಬಣ್ಣ ಮಹಾಶಯರಿಗೆ, ಹತ್ತೊಂಬತ್ತು ವರ್ಷಗಳಿಂದ ತಮ್ಮನ್ನು ಹನಿಹನಿಯಾಗಿ ಎತ್ತಿ ಆಡಿಸಿದ ಪ್ರಯೋಗಾಲಯದ ತಂತ್ರಜ್ಞೆಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ಬದುಕಿರುವ ಕೋಶ ಬಾಗಿಲು ತೆರೆಯದಿದ್ದರೆ ತಾವು ಹೊರಗೇ ನಿಲ್ಲುವಿರಿ. ಗೋಡೆ ಬಿರುಕುಬಿಟ್ಟು ಸತ್ತದ್ದರ ಒಳಗೆ ಮಾತ್ರ ಹೊಕ್ಕು, ಕೋಶ ಎಣಿಸುವ ಯಂತ್ರದ ಕಣ್ಣಿಗೆ ಕೆಂಪಗೆ ಹೊಳೆಯುವಿರಿ. ಕರೆಯದ ಕಡೆಗೂ ನುಗ್ಗುವವರೇ ತುಂಬಿರುವ ಈ ಕಾಲದಲ್ಲಿ ಇಂಥ ಸಂಕೋಚ ಅಪರೂಪ.

ಆದರೂ ಒಂದು ದೂರಿದೆ. ಮೊನ್ನೆ, ಬಸ್ ಚಾಲಕರೊಬ್ಬರ ಮೈಯಿಂದ ತೆಗೆದು, ಅವರ ರೋಗದೊಡನೆ ಹೋರಾಡಲು ಅಣಿಗೊಳಿಸಿ, ಅವರಿಗೇ ಮರಳಿಸಬೇಕಾಗಿದ್ದ ಬಿಳಿ ರಕ್ತಕಣಗಳಲ್ಲಿ ಎಷ್ಟು ಬದುಕಿವೆಯೆಂದು ನೋಡುವ ಸರದಿ ನನ್ನದಾಗಿತ್ತು. ಪದ್ಧತಿಯಂತೆ ಅವುಗಳಲ್ಲೇ ಒಂದಿಷ್ಟನ್ನು ಬಿಸಿನೀರಿನಲ್ಲಿಟ್ಟು ಬೇಕೆಂದೇ ಕೊಂದು, ಸಾವು ಹೇಗಿರುತ್ತದೆಂದು ಯಂತ್ರಕ್ಕೆ ತೋರಿಸಲು ಬೇರೆ ನಳಿಕೆಯಲ್ಲಿ ಇಟ್ಟಿದ್ದೆ. ಚಾಲಕರ ನಳಿಕೆಯನ್ನು ಮೊದಲು ಇಟ್ಟರೆ, ತಾವು ನೂರಕ್ಕೆ ತೊಂಬತ್ತಾರು ಕಣಗಳಲ್ಲಿ ದೀಪ ಹಚ್ಚಿದಿರಿ. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಆಗಲೇ ವಾರ್ಡಿಗೆ ಫೋನು ಮಾಡಿ, ಈ ಕಣಗಳ ಚೀಲ ಎಸೆಯಬೇಕು, ಮತ್ತೆ ಚುಚ್ಚಿ ತೆಗೆಯಬೇಕು ಎಂದರು. ನಾನು ದೋಷಗಳ ಪುಸ್ತಕದಲ್ಲಿ ‘ಬಣ್ಣ ಕೆಟ್ಟಿದೆ’ ಎಂದು ದಪ್ಪಕ್ಷರದಲ್ಲಿ ಬರೆದೆ. ಚಾಲಕರು ನರ್ಸಮ್ಮನ ಮೂಲಕ ಕೇಳಿಸಿದ್ದು ಇಷ್ಟೇ: “ನನ್ನಿಂದ ತೆಗೆಯೋವಾಗ ಬದುಕಿದ್ವಾ, ಇಲ್ಲಾ ಒಳಗೇ ಸತ್ತುಹೋಗಿದ್ವಾ?”

ಎರಡನೇ ನಳಿಕೆಯನ್ನು ಇಟ್ಟರೆ, ನಾನೇ ಬೇಯಿಸಿದ ಕಣಗಳಲ್ಲಿ ತೊಂಬತ್ತೊಂದು ಪಾಲು ಗಟ್ಟಿಮುಟ್ಟಾಗಿ ಬದುಕಿದ್ದವು. ಗುರುತನ್ನು ನಳಿಕೆಯ ಮೈಮೇಲೆ ಬರೆಯದೆ ಮುಚ್ಚಳದ ಮೇಲೆ ಬರೆದಿದ್ದೆ. ತಮ್ಮನ್ನು ಬೆರೆಸಿದ ಮೇಲೆ ಮುಚ್ಚಳಗಳನ್ನು ಅದಲುಬದಲಾಗಿ ಹಾಕಿದ್ದೆ. ಚೀಲ ಕಸಕ್ಕೆ ಬೀಳುವ ಮೊದಲು ಓಡಿಹೋಗಿ ತಡೆದೆ.

ಸತ್ತದ್ದು ಯಾವುದೆಂದು ಅಷ್ಟು ಖಚಿತವಾಗಿ ಬಲ್ಲ ತಾವು, ಅದು ಯಾರ ಕೈತಪ್ಪೆಂದು ಹೇಳದೆ ಒಂದು ಗಂಟೆ ಸುಮ್ಮನಿದ್ದಿರಲ್ಲ, ಅದೇ ನನ್ನ ದೂರು. ಇನ್ನು ಮುಂದೆ ಮುಚ್ಚಳ ತಪ್ಪಿದ್ದರೆ ನಾಚಿ ನೀಲಿಯಾಗಬೇಕೆಂದೂ, ಮೇಡಂ ಫೋನೆತ್ತುವ ಮೊದಲು ಒಮ್ಮೆಯಾದರೂ ಕೆಮ್ಮಬೇಕೆಂದೂ ಕೇಳಿಕೊಳ್ಳುತ್ತೇನೆ.

ತಮ್ಮ ಸತ್ಯಸಂಧತೆಯಿಂದ ಬಹಳ ತೊಂದರೆಗೊಳಗಾದ,
ತಮ್ಮ ವಿಶ್ವಾಸಿ,
ಮುಚ್ಚಳದ ಮೇಲೆ ಬರೆದವಳು

ತಾ.ಕ.: ಚೀಲ ನಿನ್ನೆ ಚಾಲಕರ ಮೈಸೇರಿತು. ಅವರ ಬಳಿ ಹೋಗಿ ತಪ್ಪೊಪ್ಪಿಕೊಂಡು, ತಮಗೂ ಒಂದು ದೂರುಪತ್ರ ಬರೆಯುತ್ತಿರುವುದಾಗಿ ಹೇಳಿದೆ. “ನಾನೂ ಒಂದ್ಸಲ ಬೋರ್ಡು ಬದಲಿಸೋದು ಮರೆತು ಬಸ್ ತುಂಬ ಜನಾನ ಬೇರೆ ಊರಲ್ಲಿ ಇಳಿಸಿದ್ದೆ ಕಣಮ್ಮ,” ಎಂದರು. “ಆದ್ರೆ ಬೈಗುಳ ತಿಂದಿದ್ದು ನಾನು, ಬಸ್ಸಲ್ಲ.”